ಕಮ್ಮಾರನಲ್ಲ, ರಾಣಿಯ ಗಂಡ: ಇಬೆಲಿನ್‌ನ ಬಾಲಿಯನ್ ಮತ್ತು ಅವನ ಮನೆತನ

ಪ್ರಶ್ನೆ: ಜೆರುಸಲೇಮ್ ನಗರವನ್ನು ಸಲಾಹುದ್ದೀನನಿಗೆ ಒಪ್ಪಿಸಿದ ಬಾಲಿಯನ್ ಎಂಬ ಸರದಾರನ ಕಥೆಯುಳ್ಳ ಹಾಲಿವುಡ್ ಚಿತ್ರವೊಂದನ್ನು ನೋಡಿದೆ. ಅದರಲ್ಲಿ ಆತ ಫ್ರಾನ್ಸಿನ ಹಳ್ಳಿಯೊಂದರ ಕಮ್ಮಾರ, ಸರದಾರನೊಬ್ಬನಿಗೆ ಮದುವೆಯಾಚೆ ಹುಟ್ಟಿದ ಮಗ. ಜೆರುಸಲೇಮಿಗೆ ಹೋಗಿ ಸಿಬಿಲ್ಲಾ ಎಂಬ ರಾಣಿಯನ್ನು ಪ್ರೀತಿಸುತ್ತಾನೆ, ಯುದ್ಧ ಮುಗಿದ ಮೇಲೆ ಊರಿಗೆ ಮರಳುತ್ತಾನೆ. ಇದರಲ್ಲಿ ನಿಜವೆಷ್ಟು? ಆತನಿಗೆ ಹೆಂಡತಿ ಮಕ್ಕಳಿದ್ದರೆ? ವಂಶ ಮುಂದುವರಿಯಿತೆ?

ಉತ್ತರ: ಬಾಲಿಯನ್ ಇದ್ದದ್ದು ನಿಜ, 1187ರಲ್ಲಿ ಜೆರುಸಲೇಮಿನ ರಕ್ಷಣೆಗೆ ನಿಂತದ್ದು ನಿಜ, ಈಜಿಪ್ಟ್ ಮತ್ತು ಸಿರಿಯಾಗಳ ಸುಲ್ತಾನನಾದ ಸಲಾಹುದ್ದೀನನೊಂದಿಗೆ ಮಾತುಕತೆ ನಡೆಸಿ ನಗರವನ್ನು ಬಿಟ್ಟುಕೊಟ್ಟದ್ದೂ ನಿಜ. ಉಳಿದದ್ದನ್ನು ಮರೆತುಬಿಡಿ. ಆತ ಕಮ್ಮಾರನಲ್ಲ, ಫ್ರಾನ್ಸಿನಲ್ಲಿ ಹುಟ್ಟಿದವನೂ ಅಲ್ಲ. ಸಿಬಿಲ್ಲಾಳಿಗೂ ಅವನಿಗೂ ಪ್ರೇಮವಿರಲಿಲ್ಲ; ಇದ್ದದ್ದು ರಾಜಕೀಯ ವೈರ. ಆತ ಮದುವೆಯಾಗಿದ್ದು ಸಿಬಿಲ್ಲಾಳ ಮಲತಾಯಿಯನ್ನು! ಚಿತ್ರಕಥೆ ಬರೆದವರು ಈ ಒಂದು ಸಂಗತಿಯನ್ನು ಕೈಬಿಟ್ಟದ್ದರಿಂದ ಬಾಲಿಯನ್ ಮಾಡಿದ ಯಾವ ಕೆಲಸಕ್ಕೂ ಕಾರಣವೇ ಇಲ್ಲದಂತಾಗಿದೆ. ಅವನ ಬದುಕಿನ ಪ್ರತಿ ತಿರುವಿನಲ್ಲೂ ಒಬ್ಬ ಅಣ್ಣ, ಒಬ್ಬ ಹೆಂಡತಿ ಅಥವಾ ಒಬ್ಬ ಮಲಮಗಳು ಇದ್ದಾಳೆ. ಆದ್ದರಿಂದ ಅವನ ಮನೆಯಿಂದಲೇ ಶುರುಮಾಡುತ್ತೇನೆ.

1099ರಲ್ಲಿ ಮೊದಲ ಶಿಲುಬೆ ಯುದ್ಧದವರು (ಕ್ರುಸೇಡಿನವರು) ಜೆರುಸಲೇಮನ್ನು ಗೆದ್ದುಕೊಂಡು ಅಲ್ಲೊಂದು ಕ್ರೈಸ್ತ ರಾಜ್ಯ ಕಟ್ಟಿದರು. ಬಂದವರಲ್ಲಿ ಬಹುಪಾಲು ಜನ ಹರಕೆ ತೀರಿಸಿ ಯುರೋಪಿಗೆ ಮರಳಿದರು. ಉಳಿದವರಿಗೆ ಜಹಗೀರುಗಳು ಸಿಕ್ಕವು. ಬಾಲಿಯನ್‌ನ ತಂದೆ ಬಾರಿಸಾನ್ ಹಾಗೆ ಉಳಿದು ಮೇಲೆ ಬಂದವನು. 1115ರ ಹೊತ್ತಿಗೆ ಆತ ಕರಾವಳಿಯ ಜಾಫಾ ಪಟ್ಟಣದಲ್ಲಿ ಸೇನಾಧಿಕಾರಿ. ಅವನ ಮೂಲ ಯಾವುದು? ಮುಂದೆ ಮನೆತನ ದೊಡ್ಡದಾದಾಗ, ತಾವು ಫ್ರಾನ್ಸಿನ ಷಾರ್ತ್ರ್ ಕೌಂಟರ, ಅಂದರೆ ಆ ಸೀಮೆಯ ಒಡೆಯರ, ವಂಶಸ್ಥರು ಎಂದು ಹೇಳಿಕೊಂಡರು. ಇದನ್ನು ಇಂದು ಇತಿಹಾಸಕಾರರು ನಂಬುವುದಿಲ್ಲ. ಬಾರಿಸಾನ್ ಎಂಬ ಹೆಸರು ಇಟಲಿಯ ಕಡೆಯದು. ಅಲ್ಲಿಂದ ಬಂದ ಸಾಮಾನ್ಯ ಯೋಧನಾಗಿದ್ದಿರಬೇಕು. ಅಧಿಕಾರ ಬಂದ ಮೇಲೆ ವಂಶಾವಳಿ ಬರೆಸುವುದು ನಮ್ಮಲ್ಲೂ ನಡೆದ ಸಂಗತಿಯೇ ಅಲ್ಲವೆ?

1134ರ ಸುಮಾರಿಗೆ ಬಾರಿಸಾನ್‌ನ ಒಡೆಯನಾದ ಜಾಫಾದ ಕೌಂಟ್, ಜೆರುಸಲೇಮಿನ ರಾಜ ಫುಲ್ಕ್‌ನ ವಿರುದ್ಧ ದಂಗೆ ಎದ್ದ. ಬಾರಿಸಾನ್ ಗಾಳಿ ಬಂದ ಕಡೆ ತೂರಿಕೊಳ್ಳಬಲ್ಲವನು, ಒಡೆಯನನ್ನು ಬಿಟ್ಟು ರಾಜನ ಪಕ್ಷ ಸೇರಿದ. ಅದರ ಫಲ ಕೆಲವು ವರ್ಷಗಳ ನಂತರ ದೊರೆಯಿತು. ದಕ್ಷಿಣದ ಅಸ್ಕಲಾನ್ ಕೋಟೆ ಇನ್ನೂ ಈಜಿಪ್ಟಿನ ಫಾತಿಮಿಗಳ ಕೈಯಲ್ಲಿತ್ತು. ಅಲ್ಲಿಂದ ಪದೇ ಪದೇ ದಾಳಿಗಳು ನಡೆಯುತ್ತಿದ್ದವು. ಅದನ್ನು ಸುತ್ತುಗಟ್ಟಲು ರಾಜ ಸಾಲಾಗಿ ಕೋಟೆಗಳನ್ನು ಕಟ್ಟಿಸಿದ. ಅವುಗಳಲ್ಲೊಂದು 1141ರಲ್ಲಿ ಎದ್ದ ಇಬೆಲಿನ್. ಪ್ರಾಚೀನ ಯಾವ್ನೆ ಊರಿನ ದಿಣ್ಣೆಯ ಮೇಲೆ, ಅಲ್ಲೇ ಬಿದ್ದಿದ್ದ ಹಳೆಯ ಕಟ್ಟಡಗಳ ಕಲ್ಲುಗಳನ್ನೇ ಬಳಸಿ ನಾಲ್ಕು ಬುರುಜುಗಳ ಕೋಟೆ ಕಟ್ಟಿ ಬಾರಿಸಾನ್‌ಗೆ ಒಪ್ಪಿಸಿದರು. ಇಡೀ ಮನೆತನ ಮುಂದೆ ಹೊತ್ತುಕೊಂಡ ಹೆಸರು ಈ ಸಣ್ಣ ಗಡಿಕೋಟೆಯದು. ಬಾರಿಸಾನ್‌ನ ಹೆಂಡತಿ ಹೆಲ್ವಿಸ್ ಇದಕ್ಕಿಂತ ದೊಡ್ಡ ಮನೆಯವಳು. ಅವಳ ತವರಿನ ರಾಮ್ಲಾ ಜಹಗೀರು ಅವಳ ಮೂಲಕವೇ ಈ ಕುಟುಂಬಕ್ಕೆ ಬಂತು.

ಅವರಿಗೆ ಮೂವರು ಗಂಡುಮಕ್ಕಳು: ಹ್ಯೂ, ಬಾಲ್ಡ್ವಿನ್, ಬಾಲಿಯನ್. ನಮ್ಮ ಬಾಲಿಯನ್ ಕಿರಿಯವನು, 1140ರ ದಶಕದ ಆರಂಭದಲ್ಲಿ ಹುಟ್ಟಿದವನು. ಪ್ಯಾಲೆಸ್ಟೈನಿನ ನೆಲದಲ್ಲೇ ಹುಟ್ಟಿ ಬೆಳೆದವನು. ಯುರೋಪಿನಿಂದ ಹೊಸದಾಗಿ ಹಡಗಿಳಿದು ಬರುವ ಯೋಧರಿಗೂ ಇವನಂಥವರಿಗೂ ಬಹಳ ವ್ಯತ್ಯಾಸವಿತ್ತು. ಹೊಸಬರಿಗೆ ಇದು ಪುಣ್ಯಕ್ಷೇತ್ರ, ಇವನಿಗೆ ಇದು ಊರು. ಬರುವ ವರ್ಷವೂ ಅದೇ ನೆರೆಯವರ ಪಕ್ಕದಲ್ಲಿ ಅದೇ ಹೊಲಗಳ ಕಂದಾಯ ಎತ್ತಬೇಕಾದವನು ಮುಸಲ್ಮಾನ ಅರಸರೊಂದಿಗೆ ಮಾತಾಡಲು ಕಲಿಯಲೇಬೇಕು. ಬಾಲಿಯನ್ ಅದನ್ನು ಚೆನ್ನಾಗಿಯೇ ಕಲಿತಿದ್ದ.

1150ರ ಸುಮಾರಿಗೆ ತಂದೆ ತೀರಿಕೊಂಡ. ಇಬೆಲಿನ್ ಹಿರಿಯಣ್ಣ ಹ್ಯೂಗೆ ಹೋಯಿತು. ಈ ಹ್ಯೂನ ಮದುವೆಯಿಂದಲೇ ಮನೆತನ ಅರಮನೆಯ ಒಳಜಗಳಕ್ಕೆ ಸಿಕ್ಕಿಕೊಂಡದ್ದು. 1163ರಲ್ಲಿ ಅಮಾಲ್ರಿಕ್ ಜೆರುಸಲೇಮಿನ ರಾಜನಾಗಬೇಕಾದಾಗ, ಸರದಾರರೂ ಚರ್ಚಿನವರೂ ಒಂದು ಷರತ್ತು ಹಾಕಿದರು: ಹೆಂಡತಿ ಆಗ್ನೆಸಳನ್ನು ಬಿಡಬೇಕು. ಆತ ಬಿಟ್ಟ. ಆದರೆ ಅವಳಲ್ಲಿ ಹುಟ್ಟಿದ ಇಬ್ಬರು ಮಕ್ಕಳಿಗೆ, ಅಂದರೆ ಸಿಬಿಲ್ಲಾಳಿಗೂ ಮುಂದೆ ಕುಷ್ಠರೋಗಿ ರಾಜನೆಂದು ಹೆಸರಾದ ನಾಲ್ಕನೇ ಬಾಲ್ಡ್ವಿನ್‌ಗೂ ಸಿಂಹಾಸನದ ಹಕ್ಕು ಉಳಿಯಿತು. ಹಾಗೆ ಅರಮನೆಯಿಂದ ಹೊರಬಿದ್ದ ಆಗ್ನೆಸಳನ್ನು ಕೈಹಿಡಿದವನು ಹ್ಯೂ. ಕೆಲವೇ ವರ್ಷಗಳಲ್ಲಿ ಆತ ಸ್ಪೇನಿನ ಸಾಂತಿಯಾಗೋ ಯಾತ್ರೆಯಲ್ಲಿ ತೀರಿಕೊಂಡ, ಆಗ್ನೆಸ್ ಕರಾವಳಿಯ ಸೈದಾ ಪಟ್ಟಣದ ಒಡೆಯ ರೆಜಿನಾಲ್ಡ್‌ನನ್ನು ಮದುವೆಯಾದಳು. ಈ ರೆಜಿನಾಲ್ಡ್‌ನ ಹೆಸರನ್ನು ನೆನಪಿಡಿ, ಮತ್ತೆ ಬರುತ್ತಾನೆ.

ಹ್ಯೂನ ನಂತರ ಎರಡನೆಯವನಾದ ಬಾಲ್ಡ್ವಿನ್ ರಾಮ್ಲಾವನ್ನು ಇಟ್ಟುಕೊಂಡು ಪುಟ್ಟ ಇಬೆಲಿನ್ನನ್ನು ತಮ್ಮನಿಗೆ ಬಿಟ್ಟುಕೊಟ್ಟ. ರಾಜ್ಯದ ಯಾವ ಜಹಗೀರು ಯುದ್ಧಕಾಲದಲ್ಲಿ ಎಷ್ಟು ನೈಟ್‌ಗಳನ್ನು, ಅಂದರೆ ಕುದುರೆಯೇರಿದ ಕವಚಧಾರಿ ಯೋಧರನ್ನು, ರಾಜನಿಗೆ ಕಳುಹಿಸಬೇಕು ಎಂಬ ಪಟ್ಟಿಯೊಂದು ಉಳಿದುಬಂದಿದೆ. ಇಬೆಲಿನ್‌ನ ಪಾಲು 10. ಮೂರನೆಯ ಮಗನಿಗೆ ಸಿಕ್ಕದ್ದು ಇಷ್ಟು.

1177ರಲ್ಲಿ ಅವನ ಅದೃಷ್ಟ ಬದಲಾಯಿತು. ಆಗ್ನೆಸಳನ್ನು ಬಿಟ್ಟ ಅಮಾಲ್ರಿಕ್ 1167ರಲ್ಲಿ ಗ್ರೀಕರ ಬೈಜಾಂಟಿಯಂ ಸಾಮ್ರಾಜ್ಯದ ಸಾಮ್ರಾಟ ಮ್ಯಾನುಯೆಲ್‌ನ ಅಣ್ಣನ ಮಗನ ಮಗಳನ್ನು ಮದುವೆಯಾಗಿದ್ದ. ಅವಳ ಹೆಸರು ಮರಿಯಾ ಕೊಮ್ನಿನಾ. 1174ರಲ್ಲಿ ಅಮಾಲ್ರಿಕ್ ಸತ್ತ. ಎರಡು ವರ್ಷದ ಮಗಳು ಇಸಬೆಲ್ಲಾಳೊಂದಿಗೆ ಮರಿಯಾ ತನ್ನ ಪಾಲಿಗೆ ಬಂದ ನಾಬ್ಲಸ್ ಜಹಗೀರಿಗೆ ಹೋಗಿ ನೆಲೆಸಿದಳು. ಮೂರು ವರ್ಷದ ನಂತರ ಬಾಲಿಯನ್ ಅವಳನ್ನು ಮದುವೆಯಾದ. ಮೇಲೆ ಹೇಳಿದ ಪಟ್ಟಿಯಲ್ಲಿ ನಾಬ್ಲಸ್‌ನ ಪಾಲು 85 ನೈಟ್‌ಗಳು. 10ರಿಂದ 85ಕ್ಕೆ! ವಿಧವೆ ರಾಣಿಯ ಮರುಮದುವೆಗೆ ರಾಜನ ಒಪ್ಪಿಗೆ ಬೇಕಿತ್ತು; ಮಲಮಗನಾದ ನಾಲ್ಕನೇ ಬಾಲ್ಡ್ವಿನ್ ಒಪ್ಪಿದ.

ಒಮ್ಮೆ ನಿಂತು ಸಂಬಂಧಗಳನ್ನು ನೋಡಿ. ಒಬ್ಬನೇ ರಾಜನ ಇಬ್ಬರು ಹೆಂಡತಿಯರು, ಒಬ್ಬರಾದ ಮೇಲೆ ಒಬ್ಬರು, ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿದ್ದಾರೆ. ಸಿಬಿಲ್ಲಾಳ ತಾಯಿ ಬಾಲಿಯನ್‌ಗೆ ಒಂದು ಕಾಲದ ಅತ್ತಿಗೆ. ಸಿಬಿಲ್ಲಾಳ ಮಲತಂಗಿ ಇಸಬೆಲ್ಲಾ ಅವನ ಮಲಮಗಳು. ರೋಗಿ ರಾಜನಿಗೆ ಮಕ್ಕಳಾಗುವಂತಿಲ್ಲ, ಆದ್ದರಿಂದ ಅವನ ನಂತರ ಸಿಂಹಾಸನ ಇವರಿಬ್ಬರಲ್ಲಿ ಒಬ್ಬಳಿಗೆ. ಮುಂದಿನ ಹದಿನೈದು ವರ್ಷ ಜೆರುಸಲೇಮಿನ ರಾಜಕೀಯವೆಂದರೆ ಆಗ್ನೆಸಳ ಮಗಳೋ ಮರಿಯಾಳ ಮಗಳೋ ಎಂಬ ಪ್ರಶ್ನೆಯೇ. ಇದು ಸವತಿಯರ ಜಗಳ. ಬಾಲಿಯನ್ ಎರಡನೆಯ ಸವತಿಯ ಗಂಡ.

ಅದೇ 1177ರ ನವೆಂಬರ್ 25ರಂದು ಮಾಂಟ್‌ಗಿಸಾರ್ಡ್‌ನಲ್ಲಿ ಹದಿನಾರು ವರ್ಷದ ರೋಗಿ ರಾಜ ಸಲಾಹುದ್ದೀನನ ದೊಡ್ಡ ಸೈನ್ಯವನ್ನು ಸೋಲಿಸಿದಾಗ ಇಬೆಲಿನ್ ಸೋದರರಿಬ್ಬರೂ ಮುಂಚೂಣಿಯಲ್ಲಿದ್ದರು. ಆದರೆ ಎರಡು ವರ್ಷದ ನಂತರ ಅಣ್ಣ ಬಾಲ್ಡ್ವಿನ್ ಶತ್ರುಗಳ ಕೈಗೆ ಸಿಕ್ಕಿದ, ಬಿಡುಗಡೆಗೆ ಭಾರಿ ಮೊತ್ತ ತೆರಬೇಕಾಯಿತು. ಆತ ಸಿಬಿಲ್ಲಾಳನ್ನು ಮದುವೆಯಾಗುವ ಆಸೆಯಲ್ಲಿದ್ದ, ಅವಳೂ ಒಲವು ತೋರಿದ್ದಳು, ಹಣ ಹೊಂದಿಸಲು ಆತ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ಬರುವಷ್ಟರಲ್ಲಿ ಅವಳ ಮದುವೆ ಫ್ರಾನ್ಸಿನಿಂದ ಬಂದ ಗೀ ಎಂಬುವನೊಂದಿಗೆ ನಡೆದುಹೋಗಿತ್ತು ಎಂದು ಒಂದು ಕಥೆ ಇದೆ. ಚಿತ್ರದವರು ಬಾಲಿಯನ್‌ಗೆ ಅಂಟಿಸಿದ ಪ್ರೇಮದ ಬೀಜ ಇಲ್ಲಿರಬಹುದು, ಅದು ಅಣ್ಣನದು.

ಈ ಕಥೆಯನ್ನು ಎಷ್ಟು ನಂಬಬೇಕು? ಇಲ್ಲಿ ಆಧಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮಗೆ ತಿಳಿದಿರುವ ಇಬೆಲಿನ್ ಕಥೆಗಳಲ್ಲಿ ಬಹುಪಾಲು ಅರ್ನೂಲ್ ಎಂಬುವನ ಬರವಣಿಗೆಯಿಂದ ಬಂದವು. ಈತ ಬಾಲಿಯನ್‌ನ ಆಳು, ಒಡೆಯನ ಆಯುಧ ಹೊತ್ತು ಜೊತೆಗೇ ಸಾಗುತ್ತಿದ್ದ ತರುಣ. ಉಪ್ಪುಂಡ ಮನೆಯ ಬಗ್ಗೆ ಆತ ಕೆಟ್ಟದ್ದು ಬರೆಯುವುದಿಲ್ಲ. ಒಡೆಯನ ಶತ್ರುಗಳೆಲ್ಲ ಅವನ ಬರಹದಲ್ಲಿ ಮೂರ್ಖರು ಇಲ್ಲವೇ ದುಷ್ಟರು. ಹಾಗಿದ್ದೂ ಆತ ಕಣ್ಣಾರೆ ಕಂಡದ್ದನ್ನು ಬರೆದಾಗ ಅದಕ್ಕೆ ಬೇರೆಯೇ ಬೆಲೆ. ಅಣ್ಣನ ಪ್ರೇಮಕಥೆಯನ್ನು ನಾನು ಅನುಮಾನದಿಂದ ಓದುತ್ತೇನೆ. ಈಗ ಹೇಳಲಿರುವ ಲಾ ಫೇವ್ ಕೋಟೆಯ ಪ್ರಸಂಗವನ್ನು ಬಹುಮಟ್ಟಿಗೆ ನಂಬುತ್ತೇನೆ.

ಅದಕ್ಕೆ ಮುಂಚೆ ಮಲಮಗಳ ವಿಷಯ. 1180ರಲ್ಲಿ ಎಂಟು ವರ್ಷದ ಇಸಬೆಲ್ಲಾಳನ್ನು ಹಂಫ್ರಿ ಎಂಬ ಹುಡುಗನಿಗೆ ನಿಶ್ಚಯ ಮಾಡಿ ತಾಯಿಯಿಂದ ಬೇರ್ಪಡಿಸಿದರು. ಮೃತಸಮುದ್ರದ ಆಚೆಯ ಕೆರಾಕ್ ಕೋಟೆಯಲ್ಲಿ ಅತ್ತೆ ಸ್ಟೆಫನಿ ಮತ್ತು ಅವಳ ಗಂಡ, ಕುಖ್ಯಾತ ಷಾತಿಯೋನ್‌ನ ರೇನಾಲ್ಡ್, ಇವರ ವಶದಲ್ಲಿ ಹುಡುಗಿ ಬೆಳೆದಳು. ತಾಯಿ ಹೋಗಿ ನೋಡಲು ಸ್ಟೆಫನಿ ಬಿಡಲಿಲ್ಲ. ಇದರ ಹಿಂದೆ ಆಗ್ನೆಸಳ ಗುಂಪಿನ ಲೆಕ್ಕಾಚಾರ ಸ್ಪಷ್ಟ: ಇಬೆಲಿನ್‌ಗಳ ಕೈಯಿಂದ ಉತ್ತರಾಧಿಕಾರಿಣಿಯನ್ನು ದೂರವಿಡುವುದು. 1183ರಲ್ಲಿ ಹನ್ನೊಂದು ವರ್ಷದವಳಿಗೆ ಮದುವೆ. ಮದುವೆಯ ದಿಬ್ಬಣ ಕೋಟೆಯೊಳಗಿರುವಾಗಲೇ ಸಲಾಹುದ್ದೀನ ಬಂದು ಮುತ್ತಿಗೆ ಹಾಕಿದ. ಸ್ಟೆಫನಿ ಮದುವೆಯೂಟದ ತಿನಿಸುಗಳನ್ನು ಅವನಿಗೆ ಕಳುಹಿಸಿದಳೆಂದೂ, ವಧೂವರರು ಮಲಗುವ ಬುರುಜಿನ ಮೇಲೆ ಕಲ್ಲೆಸೆಯಬೇಡಿರೆಂದು ಆತ ಅಪ್ಪಣೆ ಮಾಡಿದನೆಂದೂ ಅರ್ನೂಲ್ ಬರೆಯುತ್ತಾನೆ. ಕಥೆ ಚೆನ್ನಾಗಿದೆ, ಆದರೆ ಆತ ಅಲ್ಲಿರಲಿಲ್ಲ.

1185ರಲ್ಲಿ ರೋಗಿ ರಾಜ ಸತ್ತ. ಮರುವರ್ಷ ಸಿಬಿಲ್ಲಾಳ ಪುಟ್ಟ ಮಗ, ಐದನೇ ಬಾಲ್ಡ್ವಿನ್, ಸತ್ತ. (ಈ ಮಗುವಿಗೆ ಮೂರು ವರ್ಷದ ಹಿಂದೆ ಪಟ್ಟ ಕಟ್ಟಿದಾಗ ಬಾಲಿಯನ್ ಎತ್ತರದ ಆಳು ಎಂಬ ಕಾರಣಕ್ಕೆ ಅವನ ಹೆಗಲ ಮೇಲೆ ಕೂರಿಸಿ ಮೆರವಣಿಗೆ ಮಾಡಿದರಂತೆ. ಅವನ ರೂಪದ ಬಗ್ಗೆ ನಮಗಿರುವ ಸುಳಿವು ಇದೊಂದೇ.) ಈಗ ಇಬೆಲಿನ್‌ಗಳೂ ನೆರೆಯ ತ್ರಿಪೋಲಿಯ ಕೌಂಟ್ ರೇಮಂಡ್‌ನೂ ನಾಬ್ಲಸ್‌ನಲ್ಲಿ, ಅಂದರೆ ಮರಿಯಾಳ ಮನೆಯಂಗಳದಲ್ಲಿ, ಸರದಾರರ ಸಭೆ ಸೇರಿಸಿ ಇಸಬೆಲ್ಲಾ–ಹಂಫ್ರಿಯರಿಗೆ ಪಟ್ಟ ಕಟ್ಟಲು ಹೊರಟರು. ಅತ್ತ ಜೆರುಸಲೇಮಿನಲ್ಲಿ ಸಿಬಿಲ್ಲಾ ಕಿರೀಟ ಧರಿಸಿ ಗಂಡ ಗೀಯನ್ನು ರಾಜನನ್ನಾಗಿ ಮಾಡಿಕೊಂಡಳು. ನಾಬ್ಲಸ್‌ನವರು ಇನ್ನೂ ಪಟ್ಟು ಬಿಡುತ್ತಿರಲಿಲ್ಲವೇನೋ, ಆದರೆ ಅವರ ಅಭ್ಯರ್ಥಿಯೇ ಕೈಕೊಟ್ಟ. ಹಂಫ್ರಿ ರಾತ್ರೋರಾತ್ರಿ ಓಡಿಹೋಗಿ ಸಿಬಿಲ್ಲಾಳ ಕಾಲಿಗೆ ಬಿದ್ದ. ಅತ್ತೆ ಮರಿಯಾ ಅಳಿಯನ ಈ ಓಟವನ್ನು ಮರೆಯಲಿಲ್ಲ.

ಅಣ್ಣ ಬಾಲ್ಡ್ವಿನ್ ಗೀಗೆ ತಲೆಬಾಗಲು ಒಪ್ಪಲಿಲ್ಲ. ತನ್ನ ಜಹಗೀರನ್ನೂ ಎಳೆಯ ಮಗ ತೋಮಾಸ್‌ನನ್ನೂ ತಮ್ಮನಿಗೆ ಒಪ್ಪಿಸಿ ಆಂಟಿಯೋಕಿಗೆ ಹೊರಟುಹೋದ. ಬಾಲಿಯನ್ ಮಾತ್ರ ಉಳಿದು ಗೀಗೆ ವಿಧೇಯತೆ ಸಲ್ಲಿಸಿದ. ಇದನ್ನು ಹೇಡಿತನ ಎನ್ನಲಾರೆ. ಹೆಂಡತಿಯ ನಾಬ್ಲಸ್, ಅಣ್ಣನ ರಾಮ್ಲಾ, ನಾಲ್ಕು ಸ್ವಂತ ಮಕ್ಕಳು, ಒಬ್ಬ ಅಣ್ಣನ ಮಗ, ಇಷ್ಟನ್ನೂ ಬೆನ್ನಿಗೆ ಕಟ್ಟಿಕೊಂಡವನು ಸಿಟ್ಟು ತೋರಿಸಲು ಅನುಕೂಲಸ್ಥನಲ್ಲ. ಆತ ಗೀಗೂ ಮುನಿಸಿಕೊಂಡು ಕುಳಿತ ರೇಮಂಡ್‌ಗೂ ರಾಜಿ ಮಾಡಿಸುವ ಕೆಲಸಕ್ಕೆ ಇಳಿದ.

ಆ ರಾಜಿಗಾಗಿಯೇ 1187ರ ಏಪ್ರಿಲ್ ಕೊನೆಯಲ್ಲಿ ಒಂದು ನಿಯೋಗ ಉತ್ತರಕ್ಕೆ ಹೊರಟಿತು. ಟೆಂಪ್ಲರ್ ಮತ್ತು ಹಾಸ್ಪಿಟಲರ್ ಎಂಬ ಸನ್ಯಾಸಿ ಯೋಧರ ಎರಡು ಪಂಗಡಗಳ ಮುಖ್ಯಸ್ಥರೂ ಅದರಲ್ಲಿದ್ದರು. ಬಾಲಿಯನ್‌ಗೆ ನಾಬ್ಲಸ್‌ನಲ್ಲಿ ಕೆಲಸವಿತ್ತು. ನೀವು ಮುಂದೆ ನಡೆಯಿರಿ, ಬಂದು ಕೂಡಿಕೊಳ್ಳುತ್ತೇನೆ ಎಂದ. ರಾತ್ರಿ ಹೊರಟವನಿಗೆ ದಾರಿಯಲ್ಲಿ ಸೆಬಾಸ್ತೆ ಬಳಿ ಮರುದಿನ ಮೇ 1, ಸಂತ ಫಿಲಿಪ್ ಮತ್ತು ಸಂತ ಯಾಕೋಬರ ಹಬ್ಬ ಎಂಬುದು ನೆನಪಾಯಿತು. ಬಿಷಪ್‌ರನ್ನು ಎಬ್ಬಿಸಿ, ಬೆಳಗಾಗುವವರೆಗೆ ಅವರೊಂದಿಗೆ ಮಾತಾಡುತ್ತ ಕುಳಿತು, ಪೂಜೆ ಕೇಳಿ ಹೊರಟ. ಲಾ ಫೇವ್ ಕೋಟೆ ತಲುಪಿದಾಗ ಹೊರಗೆ ಟೆಂಪ್ಲರ್‌ಗಳ ಡೇರೆಗಳು ನಿಂತಿವೆ, ಒಳಗೆ ಯಾರೂ ಇಲ್ಲ. ಅರ್ನೂಲ್‌ನನ್ನು ಕೋಟೆಯೊಳಕ್ಕೆ ಕಳುಹಿಸಿದ. ಹುಡುಗ ಮೇಲಿನಿಂದ ಕೆಳಗಿನವರೆಗೆ ಕೂಗುತ್ತ ಅಲೆದ. ಒಂದು ಕೋಣೆಯಲ್ಲಿ ಇಬ್ಬರು ರೋಗಿಗಳು ಮಲಗಿದ್ದರು, ಅವರಿಗೆ ಏನೂ ಗೊತ್ತಿರಲಿಲ್ಲ. ನಜರೇತಿನ ದಾರಿ ಹಿಡಿದಾಗ ಎದುರಾದ ಸವಾರನೊಬ್ಬನಿಂದ ಸುದ್ದಿ ತಿಳಿಯಿತು: ಮುಂದೆ ಹೋದವರು ಕ್ರೆಸ್ಸೋನ್ ಊಟೆಗಳ ಬಳಿ ಸಾವಿರಗಟ್ಟಲೆ ಶತ್ರುಗಳ ಮೇಲೆ ನುಗ್ಗಿ ಹೆಚ್ಚುಕಡಿಮೆ ಎಲ್ಲರೂ ಹತರಾಗಿದ್ದರು. ಹಾಸ್ಪಿಟಲರ್ ಮುಖ್ಯಸ್ಥ ಸತ್ತಿದ್ದ, ಟೆಂಪ್ಲರ್ ಮುಖ್ಯಸ್ಥ ಜೀವ ಉಳಿಸಿಕೊಂಡು ಓಡಿದ್ದ. ಸೆಬಾಸ್ತೆಯಲ್ಲಿ ನಿಲ್ಲದಿದ್ದರೆ ಬಾಲಿಯನ್ ಕೂಡ ಅವರ ನಡುವೆ ಇರುತ್ತಿದ್ದ.

ಎರಡು ತಿಂಗಳ ನಂತರ, ಜುಲೈ 4ರಂದು, ಹತ್ತೀನ್ ಕಾಳಗ. ನೀರಿಲ್ಲದ ಬಯಲಲ್ಲಿ ರಾಜ್ಯದ ಇಡೀ ಸೈನ್ಯ ನಾಶವಾಯಿತು, ರಾಜ ಗೀ ಸೆರೆಸಿಕ್ಕ. ಬಾಲಿಯನ್ ಹಿಂಚೂಣಿಯನ್ನು ನಡೆಸುತ್ತಿದ್ದ. ಆತನೂ ಸೈದಾದ ರೆಜಿನಾಲ್ಡ್‌ನೂ ವ್ಯೂಹ ಭೇದಿಸಿ ತಪ್ಪಿಸಿಕೊಂಡ ಬೆರಳೆಣಿಕೆಯ ಸರದಾರರಲ್ಲಿ ಸೇರಿದವರು.

ಬಾಲಿಯನ್ ಟೈರ್ ಪಟ್ಟಣಕ್ಕೆ ಬಂದು ಸೇರಿದ. ನಾಬ್ಲಸ್ ಕೈಬಿಟ್ಟಿತ್ತು, ಮರಿಯಾ ಮಕ್ಕಳೊಂದಿಗೆ ಜೆರುಸಲೇಮಿಗೆ ಓಡಿಹೋಗಿದ್ದಳು. ಚಿತ್ರದಲ್ಲಿ ಜನರನ್ನು ಕಾಪಾಡುವ ಆದರ್ಶ ಅವನನ್ನು ನಗರಕ್ಕೆ ಎಳೆದು ತರುತ್ತದೆ. ನಿಜದಲ್ಲಿ ಅವನು ಹೋದದ್ದು ಹೆಂಡತಿ ಮಕ್ಕಳನ್ನು ಕರೆತರಲು. ಅದಕ್ಕಾಗಿ ಸಲಾಹುದ್ದೀನನ ಅನುಮತಿಯನ್ನೇ ಕೇಳಿದ! ಸುಲ್ತಾನ ಒಪ್ಪಿದ, ಎರಡು ಷರತ್ತಿನ ಮೇಲೆ: ಅಲ್ಲಿ ಒಂದೇ ರಾತ್ರಿ ತಂಗಬೇಕು, ತನ್ನ ವಿರುದ್ಧ ಆಯುಧ ಹಿಡಿಯಬಾರದು. ಬಾಲಿಯನ್ ಪ್ರಮಾಣ ಮಾಡಿದ.

ನಗರದೊಳಗೆ ಕಾಲಿಟ್ಟಾಗ ಅಲ್ಲಿ ನಾಯಕರೇ ಇರಲಿಲ್ಲ. ಸುತ್ತಲ ಹಳ್ಳಿಗಳಿಂದ ಬಂದ ಹೆಂಗಸರು ಮಕ್ಕಳು ಬೀದಿ ತುಂಬಿದ್ದರು. ಅರ್ನೂಲ್ ಹೇಳುವಂತೆ ಉಳಿದಿದ್ದ ನೈಟ್‌ಗಳು ಇಬ್ಬರೇ. ಜನ ಬಾಲಿಯನ್‌ನನ್ನು ಬಿಡಲಿಲ್ಲ. ಮಹಾಧರ್ಮಾಧ್ಯಕ್ಷ ಹೆರಾಕ್ಲಿಯಸ್, ಅನ್ಯಧರ್ಮೀಯನಿಗೆ ಕೊಟ್ಟ ಪ್ರಮಾಣವನ್ನು ಮುರಿಯುವುದಕ್ಕಿಂತ ಉಳಿಸಿಕೊಳ್ಳುವುದೇ ಹೆಚ್ಚಿನ ಪಾಪ ಎಂದು ಅವನನ್ನು ಪ್ರಮಾಣದಿಂದ ಬಿಡುಗಡೆ ಮಾಡಿದ. ಇಲ್ಲಿ ಬಾಲಿಯನ್‌ನ ಗುಣ ಕಾಣುತ್ತದೆ ಎಂದು ನನಗನಿಸುತ್ತದೆ. ಚರ್ಚು ಬಿಡುಗಡೆ ಮಾಡಿದ ಮೇಲೂ ಆತ ಸಲಾಹುದ್ದೀನನಿಗೆ ಪತ್ರ ಕಳುಹಿಸಿ, ಜನ ನನ್ನನ್ನು ಬಿಡುತ್ತಿಲ್ಲ, ಮಾತು ತಪ್ಪಬೇಕಾಗಿದೆ ಎಂದು ತಿಳಿಸಿದ. ಸುಲ್ತಾನ ಕೋಪಿಸಿಕೊಳ್ಳಲಿಲ್ಲ. ಬದಲಿಗೆ ಐವತ್ತು ಸವಾರರನ್ನು ಕಳುಹಿಸಿ ಮರಿಯಾಳನ್ನೂ ಮಕ್ಕಳನ್ನೂ ತ್ರಿಪೋಲಿಗೆ ಸುರಕ್ಷಿತವಾಗಿ ತಲುಪಿಸಿದ.

ಆ ಮನೆಯ ವೃತ್ತಾಂತದಲ್ಲಿ ಇದೇ ಸಂದರ್ಭದ ಇನ್ನೊಂದು ಪ್ರಸಂಗವಿದೆ. ಅಣ್ಣ ಬಿಟ್ಟುಹೋದ ಮಗ ತೋಮಾಸ್‌ನನ್ನೂ ಇನ್ನೊಬ್ಬ ಸರದಾರನ ಪುಟ್ಟ ಮಗನನ್ನೂ ನಗರದಿಂದ ಹೊರತಂದು ಸಲಾಹುದ್ದೀನನ ಮುಂದೆ ನಿಲ್ಲಿಸಿದರು. ಆತ ಅವರನ್ನು ದೊಡ್ಡ ಮನೆಯ ಮಕ್ಕಳಿಗೆ ತಕ್ಕಂತೆ ಬರಮಾಡಿಕೊಂಡು, ಬಟ್ಟೆ ಒಡವೆ ತೊಡಿಸಿ, ಊಟ ಕೊಡಿಸಿ, ತೊಡೆಯ ಮೇಲೆ ಒಬ್ಬೊಬ್ಬರನ್ನು ಕೂರಿಸಿಕೊಂಡು ಅಳತೊಡಗಿದ. ಏಕೆಂದು ಕೇಳಿದ ಅಮೀರರಿಗೆ, ಈ ಲೋಕದ ಸಂಪತ್ತೆಲ್ಲ ನಮಗೆ ಎರವಲು ಬಂದದ್ದು, ಇಂದು ನಾನು ಬೇರೆಯವರ ಮಕ್ಕಳ ಆಸ್ತಿ ಕಿತ್ತುಕೊಳ್ಳುತ್ತಿದ್ದೇನೆ, ನಾಳೆ ನನ್ನ ಮಕ್ಕಳಿಗೂ ಇದೇ ಗತಿ ಬಂದೀತು ಎಂಬರ್ಥದಲ್ಲಿ ಉತ್ತರಿಸಿದನಂತೆ. ಮಾತುಗಳು ಬರೆದವನ ಅಲಂಕಾರ ಇರಬಹುದು. ಸಲಾಹುದ್ದೀನ 1193ರಲ್ಲಿ ಸತ್ತ ಮೇಲೆ ಅವನ ಮಕ್ಕಳ ರಾಜ್ಯಗಳಲ್ಲಿ ಬಹುಪಾಲನ್ನು ಸ್ವಂತ ಚಿಕ್ಕಪ್ಪ ಒಂದೊಂದಾಗಿ ನುಂಗಿದ್ದು ಮಾತ್ರ ಇತಿಹಾಸ.

ಮುತ್ತಿಗೆಯ ವಿವರಗಳು ನಿಮಗೆ ಚಿತ್ರದಿಂದ ಸ್ವಲ್ಪ ಗೊತ್ತಿವೆ, ಅದನ್ನು ಬೇಗ ಮುಗಿಸುತ್ತೇನೆ. ಬಾಲಿಯನ್ ಸುಮಾರು ಅರವತ್ತು ಮಂದಿ ಪಟ್ಟಣಿಗರ ಮಕ್ಕಳಿಗೆ ನೈಟ್ ಪದವಿ ಕೊಟ್ಟ, ಯೇಸುವಿನ ಪವಿತ್ರ ಸಮಾಧಿಯ ಚರ್ಚಿನ ಬೆಳ್ಳಿಯನ್ನು ಕರಗಿಸಿ ನಾಣ್ಯ ಹೊಡೆಸಿದ. ಸೆಪ್ಟೆಂಬರ್ 20ಕ್ಕೆ ಮುತ್ತಿಗೆ ಆರಂಭವಾಯಿತು. ಉತ್ತರದ ಗೋಡೆ ಕುಸಿದ ಮೇಲೆ ಬಾಲಿಯನ್ ಸುಲ್ತಾನನ ಡೇರೆಗೆ ಹೋದ. 1099ರಲ್ಲಿ ನಿಮ್ಮವರು ಮಾಡಿದ ಕಗ್ಗೊಲೆಗೆ ಪ್ರತೀಕಾರ ಮಾಡುತ್ತೇನೆ ಎಂದ ಸಲಾಹುದ್ದೀನ. ಅರಬ್ಬಿ ಇತಿಹಾಸಕಾರ ಇಬ್ನ್ ಅಲ್-ಅಸೀರ್ ಪ್ರಕಾರ ಬಾಲಿಯನ್ ಕೊಟ್ಟ ಉತ್ತರ ಆದರ್ಶವಾದಿಯದಲ್ಲ: ಪ್ರಾಣಭಿಕ್ಷೆ ಇಲ್ಲವೆಂದರೆ ನಮ್ಮ ಹೆಂಗಸರು ಮಕ್ಕಳನ್ನು ನಾವೇ ಕೊಂದು, ಸಂಪತ್ತನ್ನು ಸುಟ್ಟು, ನಮ್ಮಲ್ಲಿರುವ ಐದು ಸಾವಿರ ಮುಸಲ್ಮಾನ ಸೆರೆಯಾಳುಗಳನ್ನು ಕೊಂದು, ನಿಮ್ಮ ಪವಿತ್ರ ಸ್ಥಳಗಳಾದ ಬಂಡೆಯ ಗುಮ್ಮಟವನ್ನೂ ಅಲ್-ಅಕ್ಸಾ ಮಸೀದಿಯನ್ನೂ ಕೆಡವಿ, ಆಮೇಲೆ ಹೊರಬಂದು ಹೋರಾಡಿ ಸಾಯುತ್ತೇವೆ. ಇದು ಬೆದರಿಕೆ, ಅದೂ ಭಯಂಕರ ಬೆದರಿಕೆ. ಅದು ಫಲಿಸಿತು. ಫ್ರಾಂಕರಲ್ಲಿ, ಅಂದರೆ ಯುರೋಪ್ ಮೂಲದ ಈ ಕ್ರೈಸ್ತರಲ್ಲಿ, ಇವನ ಸ್ಥಾನ ರಾಜನದಕ್ಕೆ ಹತ್ತಿರದ್ದು ಎಂದೂ ಅದೇ ಇತಿಹಾಸಕಾರ ಬರೆದಿದ್ದಾನೆ.

ಅಕ್ಟೋಬರ್ 2ರಂದು ನಗರ ಕೈಬದಲಾಯಿತು. ಬಿಡುಗಡೆಗೆ ಗಂಡಸಿಗೆ 10 ದಿನಾರ್, ಹೆಂಗಸಿಗೆ 5, ಮಗುವಿಗೆ ಒಂದು ಅಥವಾ ಎರಡು, ಹೀಗೆ ದರ ನಿಗದಿಯಾಯಿತು. ಅವಧಿ ನಲವತ್ತು ದಿನ. ಇಂಗ್ಲೆಂಡಿನ ರಾಜ ಎರಡನೇ ಹೆನ್ರಿ ಹಾಸ್ಪಿಟಲರ್‌ಗಳ ಬಳಿ ಇಟ್ಟಿದ್ದ ಹಣದಿಂದ 30,000 ದಿನಾರ್ ಕೊಟ್ಟು ಸುಮಾರು ಏಳು ಸಾವಿರ ಬಡವರನ್ನು ಬಿಡಿಸಿದರು. ಇನ್ನೂ ಉಳಿದವರಲ್ಲಿ ಸಾವಿರ ಜನರನ್ನು ಸಲಾಹುದ್ದೀನನ ತಮ್ಮ ಅಲ್-ಆದಿಲ್ ತನ್ನ ಪಾಲಾಗಿ ಕೇಳಿ ಪಡೆದು ಸ್ವತಂತ್ರಗೊಳಿಸಿದ. ಆಮೇಲೆ ಹೆರಾಕ್ಲಿಯಸ್ ಕೇಳಿದಾಗ ಅವನಿಗೆ ಏಳುನೂರು, ಬಾಲಿಯನ್‌ಗೆ ಐನೂರು ಜನ ದೊರೆತರು. ಚಿತ್ರದಲ್ಲಿ ಎಲ್ಲರೂ ನಡೆದುಹೋಗುತ್ತಾರೆ. ನಿಜದಲ್ಲಿ ಹಣವಿಲ್ಲದ ಸುಮಾರು ಹದಿನೈದು ಸಾವಿರ ಜನ ಗುಲಾಮರಾದರು ಎಂದು ಸುಲ್ತಾನನ ಕಾರ್ಯದರ್ಶಿಯೇ ಬರೆದಿಟ್ಟಿದ್ದಾನೆ. ಹೆರಾಕ್ಲಿಯಸ್ ತನ್ನ ಹತ್ತು ದಿನಾರ್ ಕೊಟ್ಟು ಚರ್ಚಿನ ಬಂಗಾರವನ್ನು ಹೇರಿಕೊಂಡು ಹೊರಟದ್ದೂ ಅರಬ್ಬಿ ದಾಖಲೆಗಳಲ್ಲಿದೆ.

ಬಾಲಿಯನ್ ಆಮೇಲೆ ಊರಿಗೆ ಮರಳಲಿಲ್ಲ, ಮರಳಲು ಬೇರೆ ಊರೂ ಇರಲಿಲ್ಲ. ಅವನ ಬದುಕಿನ ಅತ್ಯಂತ ವಿವಾದದ ಅಧ್ಯಾಯ ಶುರುವಾಗುವುದೇ ಇಲ್ಲಿಂದ. ಸೆರೆಯಿಂದ ಬಿಡುಗಡೆಯಾದ ಗೀ ಆಕ್ರೆ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದ. 1190ರಲ್ಲಿ ಆ ಪಾಳೆಯದಲ್ಲಿ ರೋಗ ಹರಡಿ ಸಿಬಿಲ್ಲಾಳೂ ಅವಳ ಇಬ್ಬರು ಹೆಣ್ಣುಮಕ್ಕಳೂ ಸತ್ತರು. ಗೀ ರಾಜನಾಗಿದ್ದದ್ದು ಹೆಂಡತಿಯ ಹಕ್ಕಿನಿಂದ; ಈಗ ಆ ಹಕ್ಕು ಹದಿನೆಂಟರ ಇಸಬೆಲ್ಲಾಳದು. ಆದರೆ ಅವಳ ಗಂಡ ಹಂಫ್ರಿ, ನಾಬ್ಲಸ್‌ನಿಂದ ಓಡಿಹೋದ ಅದೇ ಹಂಫ್ರಿ. ಟೈರ್ ಪಟ್ಟಣವನ್ನು ಉಳಿಸಿದ ವೀರ ಮಾಂಟ್‌ಫೆರಾಟ್‌ನ ಕಾನ್ರಾಡ್ ಅವಳಿಗೆ ಗಂಡನಾಗಬೇಕೆಂದು ಬಾಲಿಯನ್ ಮತ್ತು ಮರಿಯಾ ತೀರ್ಮಾನಿಸಿದರು.

ಇಸಬೆಲ್ಲಾ ಒಪ್ಪಲಿಲ್ಲ. ಅವಳಿಗೆ ಹಂಫ್ರಿ ಬೇಕಾಗಿದ್ದ. ತಾಯಿ ಬಿಡಲಿಲ್ಲ: ಮಗಳನ್ನು ನಿಶ್ಚಯ ಮಾಡಿದಾಗ ಅವಳಿಗೆ ಎಂಟೇ ವರ್ಷ, ಒಪ್ಪಿಗೆ ಕೊಡುವ ವಯಸ್ಸೇ ಅಲ್ಲ, ಆದ್ದರಿಂದ ಮದುವೆ ಅಸಿಂಧು ಎಂದು ಸಾಕ್ಷಿ ನುಡಿದಳು. ಮಾತು ಸುಳ್ಳಲ್ಲ, ಅದನ್ನು ನೆನಪಿಸಿಕೊಳ್ಳಲು ಹತ್ತು ವರ್ಷ ಬೇಕಾಯಿತು ಅಷ್ಟೆ. ಫ್ರೆಂಚ್ ನೈಟ್ ಒಬ್ಬ ಹಂಫ್ರಿಯನ್ನು ದ್ವಂದ್ವಕ್ಕೆ ಕರೆದ, ಆತ ಸವಾಲಿನ ಗುರುತಾಗಿ ಎಸೆದ ಕೈಗವಸನ್ನು ಎತ್ತಿಕೊಳ್ಳಲಿಲ್ಲ. ವಿರೋಧಿಸಿದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ನವೆಂಬರ್ 19ರಂದು ಪಾಳೆಯದಲ್ಲೇ ತೀರಿಕೊಂಡರು. ನವೆಂಬರ್ 24ರಂದು ಕಾನ್ರಾಡ್‌ನೊಂದಿಗೆ ಮದುವೆ ನಡೆಯಿತು. ಜೆರುಸಲೇಮನ್ನು ಮರಳಿ ಗೆಲ್ಲಲು ಬಂದ ಇಂಗ್ಲೆಂಡಿನ ರಿಚರ್ಡ್ ದೊರೆಯ ಕಡೆಯ ವೃತ್ತಾಂತಕಾರನಂತೂ ಬಾಲಿಯನ್–ಮರಿಯಾ ದಂಪತಿಗಳ ಮೇಲೆ ಉರಿದುಬಿದ್ದಿದ್ದಾನೆ: ಹೆಂಡತಿ ತೊಟ್ಟಿಲಿನಿಂದಲೇ ಗ್ರೀಕರ ಕೊಳಕು ಹೊತ್ತವಳು, ಗಂಡ ಅವಳಿಗೆ ತಕ್ಕ ಕ್ರೂರಿ, ಚಂಚಲ, ವಿಶ್ವಾಸಘಾತಕ. ಅರ್ನೂಲ್‌ನ ಒಡೆಯ ಮತ್ತು ಈ ವಿಶ್ವಾಸಘಾತಕ ಒಬ್ಬನೇ ವ್ಯಕ್ತಿ. ನನ್ನ ಅಭಿಪ್ರಾಯ ಕೇಳಿದರೆ, ರಾಜ್ಯದ ದೃಷ್ಟಿಯಿಂದ ಆ ತೀರ್ಮಾನ ಸರಿ, ಹುಡುಗಿಯ ದೃಷ್ಟಿಯಿಂದ ಅನ್ಯಾಯ. ಎಂಟನೆಯ ವಯಸ್ಸಿನಲ್ಲಿ ಅವಳನ್ನು ಶತ್ರುಗಳು ತಾಯಿಯಿಂದ ಕಿತ್ತುಕೊಂಡರು, ಹದಿನೆಂಟರಲ್ಲಿ ತಾಯಿಯೇ ಗಂಡನಿಂದ ಕಿತ್ತುಕೊಂಡಳು. ಕಾನ್ರಾಡ್ 1192ರ ಏಪ್ರಿಲ್ 28ರಂದು ಹಂತಕರ ಚೂರಿಗೆ ಬಲಿಯಾದ. ಮೇ 5ಕ್ಕೆ, ಗರ್ಭಿಣಿಯಾಗಿದ್ದ ಅವಳಿಗೆ ಷಾಂಪೇನ್‌ನ ಹೆನ್ರಿಯೊಂದಿಗೆ ಮತ್ತೆ ಮದುವೆ. 1197ರಲ್ಲಿ ಆತ ಕಿಟಕಿಯಿಂದ ಬಿದ್ದು ಸತ್ತ ಮೇಲೆ ನಾಲ್ಕನೆಯವನು ಐಮೆರಿ, ಗೀಯ ಸ್ವಂತ ಅಣ್ಣ.

ಬಾಲಿಯನ್ ಅಷ್ಟೆಲ್ಲ ನೋಡಲು ಬದುಕಿರಲಿಲ್ಲ. 1192ರ ಸೆಪ್ಟೆಂಬರ್‌ನಲ್ಲಿ ರಿಚರ್ಡ್ ಮತ್ತು ಸಲಾಹುದ್ದೀನರ ನಡುವಿನ ಒಪ್ಪಂದಕ್ಕೆ ಪ್ರಮಾಣ ಮಾಡಿದವರಲ್ಲಿ ಆತನೂ ಒಬ್ಬ. ಇಬೆಲಿನ್, ರಾಮ್ಲಾ, ನಾಬ್ಲಸ್ ಮೂರೂ ಹೋಗಿದ್ದವು. ಆಕ್ರೆಯ ಸಮೀಪದ ಕೇಮಾಂಟ್ ಎಂಬ ಜಹಗೀರನ್ನು ಅವನಿಗೆ ಕೊಟ್ಟವನು ಬೇರಾರೂ ಅಲ್ಲ, ಸಲಾಹುದ್ದೀನ. 1193ರ ನಂತರ ಬಾಲಿಯನ್‌ನ ಹೆಸರು ದಾಖಲೆಗಳಲ್ಲಿ ಕಾಣುವುದಿಲ್ಲ; ಆ ವರ್ಷವೇ ಸತ್ತಿರಬೇಕು. ಮರಿಯಾ 1217ರ ಸುಮಾರಿನವರೆಗೆ ಬದುಕಿದಳು.

ಇನ್ನು ಮಕ್ಕಳು. ಹೆಲ್ವಿಸ್, ಜಾನ್, ಮಾರ್ಗರೆಟ್, ಫಿಲಿಪ್ ಎಂದು ನಾಲ್ವರು. ಹೆಲ್ವಿಸಳನ್ನು ಯಾರಿಗೆ ಕೊಟ್ಟರು ಗೊತ್ತೆ? ಸೈದಾದ ರೆಜಿನಾಲ್ಡ್‌ಗೆ, ಹತ್ತೀನ್‌ನಲ್ಲಿ ತಂದೆಯ ಜೊತೆ ತಪ್ಪಿಸಿಕೊಂಡವನು, ಆಗ್ನೆಸಳ ಹಿಂದಿನ ಗಂಡ, ತಂದೆಯ ಓರಗೆಯವನು. ಮಾರ್ಗರೆಟಳ ಎರಡನೆಯ ಮದುವೆ ಕೈಸರಿಯಾದ ಒಡೆಯನೊಂದಿಗೆ. ಕರಾವಳಿಯಲ್ಲಿ ಉಳಿದಿದ್ದ ದೊಡ್ಡ ಮನೆಗಳೆಲ್ಲ ಹೀಗೆ ಬೀಗರಾದವು.

ಮನೆತನಕ್ಕೆ ನಿಜವಾದ ವೈಭವ ತಂದವನು ಜಾನ್. ಮಲಅಕ್ಕ ಇಸಬೆಲ್ಲಾ ರಾಣಿಯಾಗಿದ್ದ ಕಾಲದಲ್ಲಿ ಅವನಿಗೆ ಬೇರೂತ್ ದೊರೆಯಿತು. ಹಾಳುಬಿದ್ದಿದ್ದ ಊರನ್ನು ಕಟ್ಟಿ ನಿಲ್ಲಿಸಿ, 1205ರಲ್ಲಿ ಅಕ್ಕ ಸತ್ತ ಮೇಲೆ ಅವಳ ಎಳೆಯ ಮಗಳ ಪರವಾಗಿ 1210ರವರೆಗೆ ರಾಜ್ಯ ನಡೆಸಿದ. ಅವನ ಅರಮನೆಯನ್ನು ಜರ್ಮನ್ ಯಾತ್ರಿಕ ವಿಲ್‌ಬ್ರಾಂಡ್ 1211–12ರಲ್ಲಿ ನೋಡಿ ಬೆರಗಾಗಿದ್ದಾನೆ. ಒಂದು ಪಡಸಾಲೆಯ ಅಮೃತಶಿಲೆಯ ನೆಲ, ಮೆಲುಗಾಳಿಗೆ ಅಲೆಯೆದ್ದ ನೀರಿನಂತೆ ಕಾಣುತ್ತಿತ್ತು. ನಡೆದವನಿಗೆ ನೀರಿನಲ್ಲಿ ಕಾಲಿಟ್ಟಂತಾಗಿ, ಕೆಳಗಿನ ಮರಳಿನಲ್ಲಿ ತನ್ನ ಹೆಜ್ಜೆ ಏಕೆ ಮೂಡಲಿಲ್ಲ ಎನಿಸುತ್ತಿತ್ತಂತೆ. ಮೇಲ್ಛಾವಣಿಯಲ್ಲಿ ಮೋಡ ತೇಲುವ ಆಕಾಶದ ಚಿತ್ರ, ನಡುವೆ ಡ್ರ್ಯಾಗನ್ ಬಾಯಿಂದ ಚಿಮ್ಮುವ ಕಾರಂಜಿ. ಸಿರಿಯನ್ನರು, ಮುಸಲ್ಮಾನರು, ಗ್ರೀಕರು ಕೂಡಿ ಮಾಡಿದ ಕೆಲಸ ಅದು. ಹತ್ತು ನೈಟ್‌ಗಳ ಗಡಿಕೋಟೆಯ ಮೊಮ್ಮಗ ಇಲ್ಲಿಗೆ ಮುಟ್ಟಿದ್ದ.

ಇದೇ ಜಾನ್ 1228ರಿಂದ ಪವಿತ್ರ ರೋಮನ್ ಸಾಮ್ರಾಟ ಎರಡನೇ ಫ್ರೆಡರಿಕ್‌ನನ್ನು ಎದುರು ಹಾಕಿಕೊಂಡ. ಬೇರೂತ್ ಬಿಟ್ಟುಕೊಡು ಎಂದು ಸೈಪ್ರಸ್‌ನ ಲಿಮಾಸೋಲ್‌ನಲ್ಲಿ ಔತಣಕ್ಕೆ ಕರೆದು ಶಸ್ತ್ರಧಾರಿಗಳ ನಡುವೆ ಕೂರಿಸಿ ಕೇಳಿದರೂ ಆತ ಬಗ್ಗಲಿಲ್ಲ. ವರ್ಷಗಟ್ಟಲೆ ಯುದ್ಧ ನಡೆದು 1233ರ ಹೊತ್ತಿಗೆ ಸಾಮ್ರಾಟನ ಕಡೆಯವರು ಸೈಪ್ರಸ್ ಬಿಡಬೇಕಾಯಿತು. ಸೈಪ್ರಸ್‌ನಲ್ಲಿ ಇವರಿಗೆ ನೆಲೆ ಸಿಕ್ಕದ್ದೂ ಒಂದು ಮದುವೆಯಿಂದಲೇ. ಗೀಗೆ ತಲೆಬಾಗದೆ ಹೊರಟುಹೋದ ಬಾಲ್ಡ್ವಿನ್‌ನ ಮಗಳು ಎಶಿವಾ, ಅದೇ ಗೀಯ ಅಣ್ಣ, ಸೈಪ್ರಸ್‌ನ ರಾಜನಾದ ಐಮೆರಿಯ ಮೊದಲ ಹೆಂಡತಿ. ಸೈಪ್ರಸ್‌ನ ಮೊದಲ ರಾಜವಂಶ ಅವಳ ಹೊಟ್ಟೆಯಲ್ಲಿ ಹುಟ್ಟಿದ್ದು. ಜಾನ್‌ನ ತಮ್ಮ ಫಿಲಿಪ್ 1227ರಲ್ಲಿ ಸಾಯುವವರೆಗೂ ಆ ದ್ವೀಪದ ಆಡಳಿತ ನೋಡಿಕೊಂಡ. ನಾನು ಮೇಲೆ ಬಳಸಿದ ನೈಟ್‌ಗಳ ಪಟ್ಟಿಯನ್ನು ತನ್ನ ಕಾನೂನು ಗ್ರಂಥದಲ್ಲಿ ದಾಖಲಿಸಿ ಉಳಿಸಿದವನು ಈ ಫಿಲಿಪ್‌ನ ಮಗ, ಜಾಫಾದ ಕೌಂಟ್ ಜಾನ್.

ವಂಶದ ಬಗ್ಗೆ ಕೇಳಿದ್ದೀರಿ. ಗಂಡು ಸಂತತಿ 14ನೇ ಶತಮಾನದ ಕೊನೆಯ ಹೊತ್ತಿಗೆ ಸೈಪ್ರಸ್‌ನಲ್ಲಿ ಮಾಸಿಹೋಗುತ್ತದೆ. ಹೆಣ್ಣಿನ ಕಡೆಯಿಂದ ಮಾತ್ರ ಉದ್ದಕ್ಕೂ ಸಾಗಿದೆ. ಬೇರೂತಿನ ಜಾನ್‌ನ ಮೊಮ್ಮಗಳು ಇನ್ನೊಬ್ಬ ಇಸಬೆಲ್ಲಾ, 1267ರಲ್ಲಿ ಸೈಪ್ರಸ್‌ನ ರಾಜನಾದ ಮೂರನೇ ಹ್ಯೂನ ಹೆಂಡತಿ. ಮುಂದಿನ ಸೈಪ್ರಸ್ ಅರಸರೆಲ್ಲ ಅವಳ ಸಂತತಿ. ಅವರಲ್ಲಿ ಜೇನಸ್ ಎಂಬ ರಾಜನ ಮಗಳು ಆನ್, 1434ರಲ್ಲಿ ಸವಾಯ್ ಮನೆತನದ ಲೂಯಿಯನ್ನು ಮದುವೆಯಾದಳು. ಆ ಮನೆತನವೇ 1861ರಲ್ಲಿ ಇಟಲಿಯ ರಾಜಮನೆತನವಾಯಿತು. 1946ರಲ್ಲಿ ಜನಮತಗಣನೆಯಲ್ಲಿ ಸೋತು ಗಡಿಪಾರಾದ ಇಟಲಿಯ ಕೊನೆಯ ರಾಜ ಎರಡನೇ ಉಂಬೆರ್ತೋ, ಹಾಗೆ ನೋಡಿದರೆ, ಬಾಲಿಯನ್ ಮತ್ತು ಮರಿಯಾರ ನೇರ ವಂಶಸ್ಥ.